ಬಲದಿಂದ ಎಡಕ್ಕ

ನಾ ಅಂವನ್ನ ಯಾವಾಗಲೂ
ಬಲದಿಂದ ಎಡಕ್ಕ ಓದಿದಂವ.
ಬೆಟಗೇರಿ ಹಾದ್ಯಾಗ, ತಗಡಿನ ಮಾಡಿನ ಪ್ರೆಸ್ಸಿನಾಗ,
ಸೀಸದ ಮೊಳಿ ಹಂಗ ಇರತಾವ:
ಕನ್ನಡಿಯೊಳಗಿನ ಕನ್ನಡ.

ಮೊದಲ ಸಲ ಬಂದಾಗ ಕಾಲಾಗ ಟಾಯರಿನ ಚಪ್ಪಲಿ,
ಹೆಗಲ ಮ್ಯಾಲ ಕಂಬಳಿ, ಕಂಬಳಿಗೆ ಹಿಕ್ಕಿ ವಾಸನಿ.
'ಕುರಿಗಾರರ ಸಂಘ. ಐದನೂರು ಹ್ಯಾಂಡಬಿಲ್ಲು.
ರೊಕ್ಕ ಸಂತಿ ಆದಮ್ಯಾಲ.'
ಹೆಸರೇನು ಅಂದೆ.
'ಮಾಳಿಂಗ.'
ಅಪ್ಪ ಹಚ್ಚಲೇನು ಅಂದೆ. ನಕ್ಕ.
'ಹಚ್ಚು. ರೊಕ್ಕ ಹೆಚ್ಚಾಗೂದಿಲ್ಲಲಾ?'
ಹನ್ನೆರಡು ಪಾಯಿಂಟಿನಾಗ, ಕೆಳಗ, ಮೂಲ್ಯಾಗ:
ಮಾಳಿಂಗಪ್ಪ ಹಟ್ಟಿ, ಕಾರ್ಯದರ್ಶಿ.
ಳಿ ಸವದಿತ್ತು.
ಅದರ ಬುಡಕ ಕಾಗದದ ಚೂರು ಕೊಟ್ಟು ಎತ್ತರ ಮಾಡಿದೆ.

ಒಮ್ಮೆ ಸೋತ. ಸೋತಾಂವನ ಹ್ಯಾಂಡಬಿಲ್ಲು
ಬದನಿಕಾಯಿ ಬಜಿ ಕಟ್ಟಾಕ ಹೋತು,
ಎಣ್ಣ್ಯಾಗ ಹೆಸರು ಎರಡೂ ಮಗ್ಗಲಕ ಕಾಣತಿತ್ತು.
ಗೆದ್ದಾಗ ಅಟ್ಟದಿಂದ ಕಟ್ಟಿಗಿ ಅಕ್ಷರ ಇಳಿಸಿದೆ, ಜೇಡರ ಬಲಿ ಊದಿ:
ಕುರಿ ಮತ್ತು ಉಣ್ಣೆ ಖಾತೆ, ರಾಜ್ಯ ದರ್ಜೆ.
ಕುರಿ ಕಾಯಾಂವಗ ಮತ್ತ ಕುರಿ ಕಾಯಾಕೇ ಹಚ್ಚಿದ್ರಲ್ಲೋ ಅಂತ
ತಾನೇ ಹೇಳಿ ನಗತಿದ್ದ.
ಬ್ಯಾರೆ ಯಾರರೆ ಅಂದ್ರ ಸುಮ್ಮಾಗತಿದ್ದ.

ಒಂದಿನ ಸೊಸೈಟಿ ಚೇರಮನ್ನ ಓಡಿ ಬಂದ:
'ಸಾಹೇಬರು ಆಸ್ಟ್ರೇಲಿಯಾಕ್ಕ ಹೊಂಟಾರ, ಕುರಿ ನೋಡಾಕ.
ಮುಂಜಾನೆ ಸ್ಟೇಶನ್ನಿಗೆ ಸಾವಿರ ಪ್ರತಿ.'
ಆ ಸಿಕ್ಕಿತು. ಲಿ ಸಿಕ್ಕಿತು. ಯಾ ಬೇಕಾದಷ್ಟು.
ಸ್ಟ್ರೇ ಇಲ್ಲ.
ಗದಗಿನ ಯಾವ ಕೇಸಿನಾಗೂ ಇಲ್ಲ.
ಹಳೇ ಫೌಂಡ್ರಿಯವರು ಅಂಥಾ ದೇಶ ಎರಕ ಹೊಯ್ದಿದ್ದಿಲ್ಲ.
ಸೆ ಇಟ್ಟು, ಅದರ ಕಾಲಿಗೆ ಟ ಒತ್ತು,
ಒತ್ತಿನ ಕಾಲಿಗೆ ಮತ್ತ ರ ಒತ್ತು,
ಒಂದರ ಕೆಳಗ ಒಂದು ನಿಲ್ಲಾಕ ಜಾಗಿಲ್ಲ.
ಅರ ತಗೊಂಡು ತಿಕ್ಕಿದೆ ಕಂದೀಲಿನ ಮುಂದ,
ಉಗರಿನ ಸಂದಿಗೆ ಸೀಸದ ಹುಡಿ,
ಒಂದು ಅಕ್ಷರಕ್ಕ ಎರಡು ತಾಸು.
ವಿಮಾನಕ್ಕೂ ಇಷ್ಟು ತ್ರಾಸ ಆಗಿರಲಿಕ್ಕಿಲ್ಲ
ಆ ದೇಶ ಮುಟ್ಟಾಕ.

ತಿರುಗಿ ಬಂದಾಗ ತಲಿಮ್ಯಾಲ ಅಗಲ ಟೊಪಿಗಿ,
ಹಿಂದ ಎರಡು ಟಗರು, ಕಣ್ಣು ಮುಚ್ಚುವಷ್ಟು ಉಣ್ಣಿ.
ಪ್ರೆಸ್ಸಿಗೇ ಬಂದ. ಅಲ್ಲಿಯ ಮಂತ್ರಿ ಸುದ್ದಿ ಹೇಳಿದ:
'ಅಂವನೂ ಕುರಿಯಾಂವನ ಮಗಾ ಲೇ.
ಸ್ವತಾ ಕತ್ತರಿ ಹಿಡದು ಒಂದು ಕುರಿ ಬೋಳಿಸಿದ. ನಾನೂ ಒಂದು.
ಫೋಟೋದವರು ಅಂವಂದಷ್ಟ ತಗದ್ರು.'
ಟಗರೊಂದು ಮೊದಲ ಬ್ಯಾಸಗ್ಯಾಗ ಸತ್ತಿತು.
ಇನ್ನೊಂದು ಕಪ್ಪತಗುಡ್ಡದ ಬುಡಕ, ಕರಿ ಕುರಿ ನಡುವ,
ಹಿಂಜಿ ಬಿಟ್ಟ ಅರಳಿಯಂಗ ಬೆಳ್ಳಗ ನಿಂತಿರತಿತ್ತು.
ಉಣ್ಣಿ ಮಿಲ್ಲಿನ ಅಡಿಗಲ್ಲಿಗೆ ಆಮಂತ್ರಣ ನಾನೇ ಛಾಪಿಸಿದೆ.
ಮಿಲ್ಲು ಆಗಲಿಲ್ಲ.
ಕಲ್ಲು ಇನ್ನೂ ಐತಿ, ಆಡು ಹತ್ತತಾವ.

ಮಾಜಿ ಅನ್ನಾಕ ಎರಡೇ ಅಕ್ಷರ.
ಬಿಲ್ಲಿನಾಗ ಹಿಡೀಲಿಲ್ಲ ನಾ.
ಆ ಕಾಲಕ್ಕ ಅಂವ ಮಧ್ಯಾಹ್ನ ಬರತಿದ್ದ, ಕೆಲಸಿಲ್ಲದ,
ಸ್ಟೂಲಿನ ಮ್ಯಾಲ ಕುಂತು
ನಾ ಮೊಳಿ ಬಿಚ್ಚಿ ಕೇಸಿಗೆ ಹಾಕೂದು ನೋಡತಿದ್ದ.
'ನನ್ನ ಹೆಸರು ಈಗ ಎಲ್ಲೆಲ್ಲಿ ಐತಿ?'
ಮಾ ಬಳಿಗೇರ ಮದವಿ ಕಾರ್ಡಿನಾಗ,
ಗ ಗಿರಣಿಯ ಪಾವತಿ ಪುಸ್ತಕದಾಗ,
ಪ್ಪ ಎಲ್ಲಾ ಕಡೆ, ಅಂದೆ.
'ಳಿ?'
ಸವದದ್ದು ಅದೇ. ಯಾರಿಗೂ ಬ್ಯಾಡಾಗೇತಿ, ಇಲ್ಲೇ ಐತಿ.
ಅಂಗೈಯಾಗ ತಿರುವಿ ತಿರುವಿ ನೋಡಿ
ಅದರ ಮನಿಯಾಗ ಇಟ್ಟ. ತಪ್ಪು ಮನಿಯಾಗ.
ನಾ ಹೇಳಲಿಲ್ಲ.

ಪ್ರೆಸ್ಸು ಮುಚ್ಚಿ ಒಂಬತ್ತು ವರ್ಷ,
ಸೀಸ ಕಿಲೋ ಲೆಕ್ಕದಾಗ ಹೋತು.
ಇವತ್ತ ಮುಂಜಾನೆ ಟಾಂಗಾ ಕೂಟದ ಕಡೆ ಚಾಕ್ಕ ಹೊಂಟಿದ್ದೆ.
ಕಂಬಕ್ಕ ಫ್ಲೆಕ್ಸು. ನಾ ಅದರ ಬೆನ್ನ ಕಡೆ,
ಸೂರ್ಯಾ ಆಚೆ.
ಬಿಸಲು ಹಾದು ಬಂದ ಅಕ್ಷರ
ಬಲದಿಂದ ಎಡಕ್ಕ.
ಮಂದಿ ಸುತ್ತು ಹಾಕಿ ಮುಂದ ಹೋಗಿ ಓದತಿದ್ರು.
ನಾ ನಿಂತಲ್ಲೇ ಓದಿದೆ, ಸರಸರ:
ಭಾವಪೂರ್ಣ ಶ್ರದ್ಧಾಂಜಲಿ. ಮಾಜಿ ಮಂತ್ರಿಗಳು. ಶ್ರೀ
ಮಾಲಿಂಗಪ್ಪ

ಕೈ ತಾನೇ ಕಿಸೇಕ ಹೋತು, ಮೊಳಿ ಹುಡುಕಾಕ.
ಪ್ರೂಫು ಯಾರು ನೋಡಿದ್ರೋ ಇದರದು?